ಸೀಟಪ್ಪ ಹಾಕಿದ ಕೆಂಪು ಉಂಗುರ

ಆ ಊರಿನಲ್ಲಿ ಸೈಕಲ್ಲಿಗೆ ಎರಡು ಚಕ್ರ ಇದ್ದರೆ ಸಾಲುತ್ತಿರಲಿಲ್ಲ, ಸೀಟಿನ ಕಂಬದ ಮೇಲೆ ಒಂದು ಕೆಂಪು ಉಂಗುರವೂ ಇರಬೇಕಿತ್ತು. ಉಂಗುರ ಅಂದರೆ ಚಿನ್ನದ್ದೂ ಅಲ್ಲ, ತಾಮ್ರದ್ದೂ ಅಲ್ಲ. ಬಾಗಿಲಿಗೆ ಬಳಿಯುವ ಬಣ್ಣದಲ್ಲಿ ಬೆಂಕಿಕಡ್ಡಿಯಷ್ಟು ದಪ್ಪಕ್ಕೆ ಎಳೆದ ಒಂದು ಸುತ್ತು ಗೆರೆ. ಸೀಟು ಆ ಗೆರೆಯವರೆಗೆ ಇಳಿಯಬೇಕು. ಕೂದಲೆಳೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅದನ್ನು ಎಳೆಯುತ್ತಿದ್ದವನು ಮುಖ್ಯರಸ್ತೆಯ ತಿರುವಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸೀಟಪ್ಪ. ಅವನಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದನ್ನು ಊರು ಮರೆತು, ಆಮೇಲೆ ಅವನೂ ಮರೆತಿದ್ದ.

ಅರ್ಧ ಮೈಲಿ ದೂರದಲ್ಲಿ ನಡೆದು ಬರುವವನನ್ನು ನೋಡಿಯೇ ಸೀಟಪ್ಪ ಅವನ ಕಾಲಿನ ಉದ್ದ ಹೇಳುತ್ತಿದ್ದ. ಪಕ್ಕದ ಬೀದಿಯಲ್ಲಿ ಯಾರದೋ ಸೈಕಲ್ ಕಿರುಗುಟ್ಟಿದರೆ ಇಲ್ಲಿ ಕೂತೇ, “ಅರ್ಧ ಇಂಚು ತಗ್ಗು. ಮಂಡಿ ಉರೀತಿದೆ ಪಾಪ,” ಅನ್ನುತ್ತಿದ್ದ. ನಡು ಹಿಡಿದುಕೊಂಡು ಡಾಕ್ಟರ ಮೆಟ್ಟಿಲು ಸವೆಸುತ್ತಿದ್ದ ಪೋಸ್ಟ್‌ಮ್ಯಾನಿಗೆ ಸೀಟು ಒಂದು ಇಂಚು ಎತ್ತಿ ಉಂಗುರ ಹಾಕಿದ್ದೇ ತಡ, ಅವನು ನಾಳೆ ಬರಬೇಕಾದ ಕಾಗದವನ್ನೂ ಇವತ್ತೇ ಹಂಚತೊಡಗಿದ. ಗಣಿತದ ಮೇಷ್ಟ್ರಂತೂ ಸೀಟಿನ ಹಿತಕ್ಕೆ ಸೈಕಲ್ ಮೇಲೇ ನಿದ್ದೆ ಹೋಗಿ, ತಮ್ಮ ಶಾಲೆ ದಾಟಿ, ಪಕ್ಕದ ಊರಿನ ಶಾಲೆಯಲ್ಲಿ ಎರಡು ಪಾಠ ಮಾಡಿ ವಾಪಸು ಬಂದಿದ್ದರು. ಅಲ್ಲಿನ ಮಕ್ಕಳಿಗೆ ಭಾಗಾಕಾರ ಅರ್ಥವಾಗಿದ್ದು ಆವತ್ತೊಂದೇ ದಿನವಂತೆ.

ಅವನ ಕ್ರಮದಲ್ಲಿ ಮಂತ್ರವೇನೂ ಇರಲಿಲ್ಲ. ಗಿರಾಕಿಯನ್ನು ಬರಿಗಾಲಲ್ಲಿ ಸೀಟಿನ ಮೇಲೆ ಕೂರಿಸುವುದು, ಹಿಮ್ಮಡಿಯನ್ನು ಪೆಡಲಿನ ಮೇಲಿಡಿಸುವುದು. ಪೆಡಲು ತಳಕ್ಕೆ ಹೋದಾಗ ಕಾಲು ನೆಟ್ಟಗಾಗಬೇಕು, ಸೊಂಟ ಅಲುಗಬಾರದು. ಆಮೇಲೆ ಹಿಮ್ಮಡಿ ತೆಗೆದು ಪಾದದ ಮುಂಭಾಗ ಇಟ್ಟರೆ ಮಂಡಿಯಲ್ಲಿ ಒಂದು ಚೂರೇ ಚೂರು ಬಾಗು ಉಳಿಯಬೇಕು. “ಹೊಸ ಅಳಿಯ ಮಾವನ ಮನೇಲಿ ತಲೆ ಬಗ್ಗಿಸ್ತಾನಲ್ಲ, ಅಷ್ಟು. ಜಾಸ್ತಿ ಬಗ್ಗಿದರೆ ಹಳೇ ಅಳಿಯ,” ಅಂತ ವಿವರಿಸಿ, ಕುಂಚ ಅದ್ದಿ ಉಂಗುರ ಎಳೆಯುತ್ತಿದ್ದ. ಎಳೆದ ಮೇಲೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿ ಬಂದವರಿಗೆ ಅವನು ಗಾಳಿಯನ್ನೂ ಹಾಕುತ್ತಿರಲಿಲ್ಲ.

ಇಡೀ ಊರಿನಲ್ಲಿ ಕೆಂಪು ಉಂಗುರದ ಸೀಟಿನಿಂದ ಬೀಳುತ್ತಿದ್ದವರು ಒಬ್ಬರೇ. ಅವನ ಹೆಂಡತಿ.

ಅವಳನ್ನು ಜನ ಟೈಲರಮ್ಮ ಅನ್ನುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಮನೆಯ ಗೋಡೆಯನ್ನು ನೋಡಿಕೊಂಡು ನಿಂತಿತ್ತು. ನಟ್ಟನಡು ಮಧ್ಯಾಹ್ನವೂ ದೀಪ ಹಾಕದೆ ಸೂಜಿಗೆ ದಾರ ಪೋಣಿಸುವಂತಿರಲಿಲ್ಲ. ಬಟ್ಟೆ ಕತ್ತರಿಸಬೇಕೆಂದರೆ ಮಂಚದ ಹಾಸಿಗೆ ಸುತ್ತಿಟ್ಟು, ಹಲಗೆಯ ಮೇಲೆ ಬಟ್ಟೆ ಹರಡಿ ಕತ್ತರಿಸಬೇಕು. ಹಾಗೆ ಕತ್ತರಿಸಿಯೂ ಅವಳ ಪ್ಯಾಂಟು ಹಾಕಿಕೊಂಡವನಿಗೆ ಮುಂದಿನ ಪ್ಯಾಂಟು ಬೇರೆ ಕಡೆ ಹೊಲಿಸುವ ಮನಸ್ಸಾಗುತ್ತಿರಲಿಲ್ಲ. ಅವಳ ಕುತ್ತಿಗೆಯಿಂದ ಟೇಪು ಇಳಿದದ್ದನ್ನು ಕಂಡವರಿಲ್ಲ. ಗಂಡ ಕಣ್ಣಿನಲ್ಲಿ ಅಳೆದರೆ ಅವಳು ಟೇಪಿನಲ್ಲಿ ಅಳೆಯುತ್ತಿದ್ದಳು. ಇಬ್ಬರ ನಡುವೆ ಊರಿನ ಯಾವ ಕಾಲೂ ತಪ್ಪಿಸಿಕೊಂಡಿರಲಿಲ್ಲ.

ಸೈಕಲ್ ಅವಳಿಗೆ ಮದುವೆಯಾದ ವರ್ಷ ಬಂತು. ಹನ್ನೊಂದು ವರ್ಷದ ಹಿಂದಿನ ಮಾತು. ಒಂದೇ ಸಂಜೆಯಲ್ಲಿ ಕಲಿತಳು. ಕಲಿಯುವವರಿಗೆಂದು ಸೀಟು ತಗ್ಗಿಸಿತ್ತು. ಮೂರು ಸಲ ಕಾಲೂರಿದಳು, ನಾಲ್ಕನೇ ಸಲಕ್ಕೆ ಇಡೀ ಬಡಾವಣೆ ಸುತ್ತಿ, ಗಂಟೆ ಬಾರಿಸುತ್ತ ಅಂಗಡಿ ಮುಂದೆ ಮೂರು ಸುತ್ತು ಹೋದಳು. ಎದುರಿನ ಟೀ ಅಂಗಡಿಯ ಬೆಂಚಿನವರು ಚಪ್ಪಾಳೆ ಹೊಡೆದರು. ಮಾರನೇ ದಿನ ಸೀಟಪ್ಪ ಸೀಟು ಎತ್ತಿ ಉಂಗುರ ಹಾಕಿಕೊಟ್ಟ. “ಇನ್ನು ಇದು ನಿನ್ನ ಸರಿಯಾದ ಎತ್ತರ. ಮೊದಮೊದಲು ಕಷ್ಟ, ಆಮೇಲೆ ಒಗ್ಗುತ್ತೆ.”

ಒಗ್ಗಲಿಲ್ಲ. ಪೆಡಲು ತಳಕ್ಕೆ ಹೋದಾಗಲೆಲ್ಲ ಸೊಂಟ ಒಂದು ಕಡೆ ಜಾರುವುದು, ಇನ್ನೊಂದು ಪೆಡಲು ಹೋದಾಗ ಇನ್ನೊಂದು ಕಡೆ. ನಿಲ್ಲಿಸಿದರೆ ಹೆಬ್ಬೆರಳಿಗೂ ನೆಲ ಸಿಗದು. ಬಿದ್ದಳು. ಎದ್ದಳು. ಮನೆ ಮುಂದಿನ ರಸ್ತೆಗೆ ಅವಳ ಮೊಣಕೈ ಎಷ್ಟು ಪರಿಚಯವಾಯಿತೆಂದರೆ ಎರಡು ದಿನ ಬೀಳದಿದ್ದರೆ ರಸ್ತೆಯೇ ಯೋಗಕ್ಷೇಮ ವಿಚಾರಿಸುವಂತಿತ್ತು. ಊರಿಗೆಲ್ಲ ಸರಿಹೋದ ಉಂಗುರ ತನಗೊಬ್ಬಳಿಗೆ ಆಗದೆಂದರೆ ಕೊರತೆ ತನ್ನಲ್ಲೇ ಇರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಆ ಮೊದಲ ಸಂಜೆ? ಅದು ಈಜು ಬಾರದವನು ಹೊಳೆ ದಾಟಿದಂತೆ, ಅದೃಷ್ಟ.

“ಎಲ್ಲರ ಹೆಂಡ್ತೀರು ಸೈಕಲ್ ಹತ್ತುತಾರೆ. ನಮ್ಮನೇಲಿ ಸೈಕಲ್ಲೇ ಹೆಂಡ್ತೀನ ಹತ್ತುತ್ತೆ,” ಅನ್ನುತ್ತಿದ್ದ ಸೀಟಪ್ಪ. ಬೆಂಚು ನಗುತ್ತಿತ್ತು. ಹನ್ನೊಂದು ವರ್ಷ ಅದೇ ಮಾತು, ಹನ್ನೊಂದು ವರ್ಷ ಅದೇ ನಗು; ಜಿಪುಣನ ಮನೆ ಟೀಪುಡಿಯಂತೆ ಮತ್ತೆ ಮತ್ತೆ ಕುದಿಸಿದರೂ ಬಣ್ಣ ಬಿಡುತ್ತಲೇ ಇತ್ತು.

ಹೀಗಿರುವಾಗ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಹೊಲಿಗೆಯವರ ಕೆಲಸ ಖಾಲಿಯಾಯಿತು. ಟೈಲರಮ್ಮ ಬಸ್ಸಿನಲ್ಲಿ ಹೋಗಿ ನೋಡಿ ಬಂದಳು. ನೋಡಿ ಬಂದವಳಿಗೆ ಎರಡು ರಾತ್ರಿ ನಿದ್ದೆಯಿಲ್ಲ. ಆ ಕೋಣೆಗೆ ಮೂರು ಕಡೆ ಕಿಟಕಿ. ಕತ್ತರಿಸುವ ಮೇಜು ಎಷ್ಟು ದೊಡ್ಡದೆಂದರೆ ಈ ತುದಿಯಲ್ಲಿ ಕತ್ತರಿ ಹಿಡಿದು ಹೊರಟವಳಿಗೆ ಆ ತುದಿ ಮುಟ್ಟುವಷ್ಟರಲ್ಲಿ ಹಸಿವಾಗಬೇಕು. ಆರು ಯಂತ್ರ, ಕಪಾಟಿನ ತುಂಬ ದಾರದ ಉಂಡೆ, ಮಂಚ ಅನ್ನುವುದು ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಬಟ್ಟೆ ವಿಭಾಗ ನೋಡಿಕೊಳ್ಳುವ ದೊಡ್ಡ ನರ್ಸು ಅವಳು ಹೊಲಿದ ಒಂದು ಕಾಲರನ್ನು ತಿರುಗಿಸಿ ಮುರುಗಿಸಿ ನೋಡಿ, “ಕೆಲಸ ನಿನ್ನದೇ. ಏಳೂವರೆಗೆ ಇಲ್ಲಿರಬೇಕು. ಮೊದಲ ತಿಂಗಳು ಮೂರು ದಿನ ತಡ ಮಾಡಿದರೆ ಬೇರೆಯವರನ್ನ ಕರೀತೀನಿ. ಆಮೇಲೆ ಅಳಬೇಡ,” ಅಂದಳು.

ಮೊದಲ ಬಸ್ಸು ಒಂಬತ್ತಕ್ಕೆ. ಆಸ್ಪತ್ರೆ ಆರು ಮೈಲಿ. ಉಳಿದದ್ದು ಸೈಕಲ್ಲು.

“ಸೀಟು ಒಂಚೂರು ಇಳಿಸಿಕೊಡ್ತೀರಾ?” ಅಂತ ಕೇಳಿದಳು ಗಂಡನನ್ನು.

“ಉಂಗುರ ಮುಟ್ಟೋ ಮಾತೇ ಇಲ್ಲ. ನಿನಗೆ ಇಳಿಸಿದರೆ ನಾಳೆ ಊರೆಲ್ಲ ಬಂದು ಇಳಿಸು ಅನ್ನುತ್ತೆ. ಡೊಂಕು ಇರೋದು ಸೀಟಲ್ಲಲ್ಲ, ಕೂರೋರಲ್ಲಿ.”

ಮೊದಲ ದಿನ ಐದಕ್ಕೇ ಹೊರಟು, ಅರ್ಧ ದಾರಿ ಸೈಕಲ್ಲನ್ನು ಕರುವಿನ ಹಾಗೆ ಹಿಡಿದು ನಡೆಸಿಕೊಂಡು ಹೋಗಿ, ವೇಳೆಗೆ ಮುಟ್ಟಿದಳು. ಮೂರನೇ ದಿನ ಇಳಿಜಾರಿನಲ್ಲಿ ಬಿದ್ದು ತಡ. ಆರನೇ ದಿನ ಲಾರಿಗೆ ದಾರಿ ಬಿಡಲು ಹೋಗಿ ಕಾಲಿಗೆ ನೆಲ ಸಿಗದೆ ಚರಂಡಿಗೆ ಬಿದ್ದು ತಡ. ಹತ್ತನೇ ದಿನ ಸೇತುವೆಯ ಮೇಲೆ ಬಿದ್ದವಳು ಏಳೂವರೆಗೆ ಆಸ್ಪತ್ರೆಗೇನೋ ಹೋದಳು, ಆದರೆ ಬಟ್ಟೆ ವಿಭಾಗಕ್ಕಲ್ಲ. ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೇಲಿನ ಮಹಡಿಗೆ ಹತ್ತುವಷ್ಟರಲ್ಲಿ ಹತ್ತು ಗಂಟೆ. ದೊಡ್ಡ ನರ್ಸು ಪ್ಲಾಸ್ಟರನ್ನು ನೋಡಿದಳು, ಗಡಿಯಾರವನ್ನು ನೋಡಿದಳು. “ಅಳಬೇಡ ಅಂದಿದ್ದೆ,” ಅಂದಳು.

ಅವಳ ಜಾಗಕ್ಕೆ ಯಾರು ಎಂಬ ಪ್ರಶ್ನೆ ಎದ್ದಾಗ ಸೀಟಪ್ಪನೇ ಮುಂದೆ ಬಿದ್ದು ಹೇಳಿದ: “ನನ್ನ ತಂಗಿ ಇದಾಳಲ್ಲ. ಗಾಳಿ ಹೋದ ಹಾಗೆ ಹೋಗ್ತಾಳೆ.”

ನಾದಿನಿ ಎರಡು ಬೀದಿ ಆಚೆ ಇದ್ದಳು. ಹೊಲಿಗೆಯಲ್ಲಿ ಅವಳಿಗೆ ನೇರ ಗೆರೆಯಷ್ಟೇ ಬರುತ್ತಿತ್ತು. ಅದೂ ಬಟ್ಟೆ ಅಲುಗದೆ ಸಹಕರಿಸಿದರೆ. ಆದರೆ ಸೈಕಲ್ ಮೇಲೆ ಕೂತರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ಕ್ಯಾನು, ಹ್ಯಾಂಡಲಿಗೆ ಆಶೀರ್ವಾದ ಮಾತ್ರ. ಕೆಲಸ ಸಿಕ್ಕಿತು. ಸಮವಸ್ತ್ರದ ಪ್ಯಾಂಟು ಹೊಲಿಸಿಕೊಳ್ಳಲು ಅವಳು ಬಂದದ್ದು, ಮತ್ತೆಲ್ಲಿಗೆ, ಅತ್ತಿಗೆಯ ಹತ್ತಿರ.

ಟೈಲರಮ್ಮ ಪ್ಲಾಸ್ಟರಿನ ಕೈಯಿಂದ ಟೇಪಿನ ಒಂದು ತುದಿ ಒತ್ತಿ ಹಿಡಿದು ಅಳೆದಳು. ಸೊಂಟ, ತೊಡೆ, ಕೊನೆಗೆ ಕಾಲಿನ ಒಳ ಉದ್ದ. ಇಪ್ಪತ್ತೆಂಟು.

“ನಿಮ್ಮದೆಷ್ಟು ಅತ್ತಿಗೆ?” ಅಂತ ನಾದಿನಿ ಸುಮ್ಮನೆ ಮಾತಿಗೆ ಕೇಳಿದಳು.

ಟೈಲರಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಊರಿನ ಸಾವಿರ ಕಾಲು ಅಳೆದವಳು ತನ್ನ ಕಾಲಿಗೆ ಒಮ್ಮೆಯೂ ಟೇಪು ಹಿಡಿದಿರಲಿಲ್ಲ. ತನ್ನ ಬಟ್ಟೆಯನ್ನು ಹಳೇ ಬಟ್ಟೆ ಇಟ್ಟು ಕತ್ತರಿಸಿಕೊಳ್ಳುತ್ತಿದ್ದಳು. ನಾದಿನಿಯೇ ಟೇಪು ಕಿತ್ತುಕೊಂಡು ಬಗ್ಗಿದಳು.

“ಇಪ್ಪತ್ತೆಂಟೇ. ನೂಲು ಹೆಚ್ಚಿಲ್ಲ, ನೂಲು ಕಮ್ಮಿ ಇಲ್ಲ. ನೋಡಿ, ಇಬ್ಬರದೂ ಒಂದೇ ಕಾಲು. ಬೀಳೋದು ಮಾತ್ರ ನಿಮ್ಮ ಸ್ವಂತದ್ದು.”

ನಾದಿನಿ ಟೀ ಮಾಡಲು ಅಡುಗೆಮನೆಗೆ ಹೋದಳು. ಹಿತ್ತಿಲಲ್ಲಿ ಎರಡು ಸೈಕಲ್ಲುಗಳು ಒಂದೇ ಗೋಡೆಗೆ ಒರಗಿದ್ದವು, ಎರಡಕ್ಕೂ ಕೆಂಪು ಉಂಗುರ. ಟೈಲರಮ್ಮ ಹೋಗಿ ಪೆಡಲುಗಳನ್ನು ತಳಕ್ಕೆ ತಂದು, ಪೆಡಲಿನಿಂದ ಸೀಟಿನ ನೆತ್ತಿಗೆ ಟೇಪು ಹಿಡಿದಳು. ನಾದಿನಿಯದು ಇಪ್ಪತ್ತೊಂಬತ್ತೂವರೆ. ತನ್ನದು ಮೂವತ್ತೊಂದೂವರೆ. ಮತ್ತೊಮ್ಮೆ ಹಿಡಿದಳು. ಟೇಪು ಹಳೆಯದು, ಆದರೆ ಎರಡು ಇಂಚು ಸುಳ್ಳು ಹೇಳುವಷ್ಟು ಹಳೆಯದಲ್ಲ.

ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಅಂಗಡಿಗೆ ಬಂದಳು. ಸೀಟಪ್ಪ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಬೆಂಚಿನಲ್ಲಿ ಪೋಸ್ಟ್‌ಮ್ಯಾನ್, ಮೇಷ್ಟ್ರು, ಟೀ ಅಂಗಡಿಯವನು.

“ನನ್ನ ಸೀಟು ಎರಡು ಇಂಚು ಮೇಲಿದೆ.”

“ಹೌದು,” ಅಂದ ಸೀಟಪ್ಪ, ತಲೆ ಎತ್ತದೆ.

“ಹೌದಾ?”

“ಹನ್ನೊಂದು ವರ್ಷ ಆಯ್ತಲ್ಲೇ. ಸೂಜಿ ಕಣ್ಣಿಗೆ ದಾರ ಪೋಣಿಸೋಳಿಗೆ ಎರಡು ಇಂಚು ಕಾಣೋಕೆ ಇಷ್ಟು ದಿನ ಬೇಕಾಯ್ತಾ ಅಂತ ನಾನೇ ನಿನ್ನ ಕೇಳಬೇಕು.”

ಬೆಂಚು ನಕ್ಕಿತು.

“ಯಾಕೆ?”

“ಆವತ್ತು ಸಂಜೆ ನೀನು ಮೂರು ಸುತ್ತು ಹೊಡೆದೆಯಲ್ಲ, ಇವನು ಏನಂದ ಗೊತ್ತಾ?” ಟೀ ಅಂಗಡಿಯವನ ಕಡೆ ಗಲ್ಲ ತಿರುಗಿಸಿದ. “‘ನಿನ್ನ ಹೆಂಡ್ತೀನ ಹಿಡಿಯೋಕೆ ಇನ್ನು ಮೋಟಾರ್ ಬೇಕಪ್ಪ’ ಅಂದ. ಮೋಟಾರ್ ಯಾಕೆ, ಎರಡು ಇಂಚು ಸಾಕು ಅಂದೆ ನಾನು. ತಮಾಷೆಗೆ ಕಣೇ. ಆಮೇಲೆ ಇಳಿಸೋಣ ಅಂದ್ಕೊಂಡೆ, ಮರೆತೇ ಹೋಯ್ತು.”

“ಕೈ ಮುರೀತು.”

“ಎಡಗೈ ತಾನೇ.”

ಬೆಂಚು ಮತ್ತೆ ನಕ್ಕಿತು. ಪೋಸ್ಟ್‌ಮ್ಯಾನ್ ಮಾತ್ರ ಈ ಸಲ ಒಂದು ಗಳಿಗೆ ತಡವಾಗಿ ನಕ್ಕ. ನಗುತ್ತಲೇ ತನ್ನ ಸೈಕಲ್ಲಿನ ಸೀಟಿನ ಕಡೆ ಒಮ್ಮೆ ನೋಡಿದ. ಟೈಲರಮ್ಮ ಅದನ್ನು ಗಮನಿಸಿದಳು. ಕಾಜಕ್ಕೆ ಗುಂಡಿ ಅರ್ಧ ನೂಲು ಸಡಿಲವಿದ್ದರೂ ಕಾಣುವ ಕಣ್ಣು.

ಸೀಟನ್ನು ಅವಳೇ ಇಳಿಸಿಕೊಂಡಳು. ಒಂದು ಸ್ಪ್ಯಾನರು, ಒಂದು ಬೋಲ್ಟು, ಎರಡು ನಿಮಿಷ. ಹೊಸ ಬ್ಲೇಡಿನಿಂದ ಉಂಗುರ ಕೆರೆದು ಹಾಕಿದಳು. ಪ್ಲಾಸ್ಟರ್ ಬಿಚ್ಚಿದ ಮಾರನೇ ಬೆಳಿಗ್ಗೆ ಹತ್ತಿದಳು. ಸೀಟು ಅಂಗೈಯ ಹಾಗಿತ್ತು. ಕಾಲು ನೆಟ್ಟಗಾಗುತ್ತಿತ್ತು, ಸೊಂಟ ಅಲುಗುತ್ತಿರಲಿಲ್ಲ, ಮಂಡಿಯಲ್ಲಿ ಹೊಸ ಅಳಿಯನ ಬಾಗು. ಎಲ್ಲ ಸರಿಯಾಗಿತ್ತು. ಹಾಗಿದ್ದೂ ಸೇತುವೆಯ ತಿರುವಿಗೆ ಬರುತ್ತಿದ್ದಂತೆ ಕಾಲು ತಾನಾಗಿಯೇ ಕೆಳಗೆ ಬಂತು. ಮಾರನೇ ದಿನವೂ ಅಷ್ಟೆ. ಹತ್ತು ಬೆಳಿಗ್ಗೆ ಪ್ರಯತ್ನಿಸಿದಳು. ಸೇತುವೆ ಕಂಡ ಕೂಡಲೇ ಇಳಿದು, ಸೈಕಲ್ಲನ್ನು ಕರುವಿನ ಹಾಗೆ ತಿರುಗಿಸಿ ನಡೆಸಿಕೊಂಡು ಬರುವಳು. ಸೀಟು ಎರಡು ಇಂಚು ಇಳಿದಿತ್ತು, ಮೈ ಮಾತ್ರ ಇನ್ನೂ ಮೇಲೆಯೇ ಕೂತಿತ್ತು. ಅದಕ್ಕೆ ಸ್ಪ್ಯಾನರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹನ್ನೊಂದನೇ ಬೆಳಿಗ್ಗೆ ಅವಳು ಹೊರಗೆ ಹೋಗಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಟ್ಟಳು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಪ್ಯಾಂಟು ತಂದ.

“ಮಂಡಿ ಹತ್ತಿರ ಸವೆದಿದೆಯಲ್ಲ, ಅಣ್ಣ,” ಅಂದಳು, ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡು. “ನಿಮ್ಮ ಸೀಟು ಯಾರು ಅಳತೆ ಮಾಡಿದ್ದು?”

“ಇನ್ಯಾರು, ನಿಮ್ಮ ಯಜಮಾನರೇ.”

“ಓ,” ಅಂದಳು.

ಅಷ್ಟೇ. ಅದರ ಹಿಂದೆಯೂ ಏನಿಲ್ಲ, ಮುಂದೆಯೂ ಏನಿಲ್ಲ. ಆದರೆ ಆ ಒಂದು ‘ಓ’ ಸ್ಟಾಂಪು ಅಂಟಿಸದೆಯೇ ಸಂಜೆಯೊಳಗೆ ಮನೆ ಮನೆಗೆ ಬಟವಾಡೆಯಾಯಿತು. ಪೋಸ್ಟ್‌ಮ್ಯಾನಿಗೆ ಮಧ್ಯಾಹ್ನವೇ ಮಂಡಿ ನೋವು ಶುರುವಾಗಿತ್ತು, ಸಂಜೆಗೆ ನಡುವಿಗೆ ಏರಿತು. ಕಟ್ಟಿಕೊಂಡ ಹೆಂಡತಿಗೇ ಎರಡು ಇಂಚು ಆಟ ಆಡಿದವನು ನಮಗೆ ಎಷ್ಟು ಆಡಿದ್ದಾನೋ ಎಂದು ಒಬ್ಬ ಕೇಳಿದ್ದೇ ಕೇಳಿದ್ದು, ಊರಿನ ಬೆನ್ನುಗಳೆಲ್ಲ ಒಟ್ಟಿಗೆ ನರಳತೊಡಗಿದವು. ನಿನ್ನೆಯವರೆಗೆ ಸೀಟಿನ ಮೇಲೆ ಮೆತ್ತೆಯ ಮೇಲೆ ಕೂತಂತೆ ಕೂತಿದ್ದವರು ಇವತ್ತು ಮುಳ್ಳುಹಂದಿಯ ಮೇಲೆ ಕೂತಂತೆ ಎದ್ದೆದ್ದು ಕೂರತೊಡಗಿದರು. ಗಣಿತದ ಮೇಷ್ಟ್ರಿಗೆ ಸೈಕಲ್ ಮೇಲೆ ನಿದ್ದೆ ಹತ್ತದಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಎಚ್ಚರವಾಗಿ ಶಾಲೆಗೆ ಬಂದರೆಂದು ಮಕ್ಕಳು ಹೆದರಿದರು. ಬ್ಲೇಡು, ಉಪ್ಪುಕಾಗದ, ಅದೂ ಇಲ್ಲದವರು ಉಗುರು. ಒಂದು ವಾರದೊಳಗೆ ಊರಿನ ಉಂಗುರಗಳೆಲ್ಲ ಉದುರಿದವು.

ಸೀಟಪ್ಪ ಮೊದಲು ನಕ್ಕ. ಆಮೇಲೆ ಬೈದ. ಕೊನೆಗೆ ಅಂಗಡಿ ಮುಂದೆ ಪೋಸ್ಟ್‌ಮ್ಯಾನನನ್ನು ಕೂರಿಸಿ, ಹಿಮ್ಮಡಿ ಇಡಿಸಿ, ಹತ್ತು ಜನರ ಎದುರು ಅಳೆದು ತೋರಿಸಿದ. “ನೋಡಿ, ಕಾಲು ನೆಟ್ಟಗಿದೆ. ಸೊಂಟ ಅಲುಗ್ತಿಲ್ಲ. ಇನ್ನೇನು ಬೇಕು?”

“ಸರಿಯಾಗಿದೆ ಅಂತ ನಿಮ್ಮ ಹೆಂಡ್ತಿಗೂ ಹೇಳಿದ್ರಲ್ಲ,” ಅಂದ ಪೋಸ್ಟ್‌ಮ್ಯಾನ್, ನಡು ಹಿಡಿದುಕೊಂಡು ಇಳಿಯುತ್ತ.

ಈಗ ಅಂಗಡಿಗೆ ಬರುವುದು ಪಂಕ್ಚರ್ ಮಾತ್ರ. ಅದಕ್ಕೆ ಬಂದವರೂ ಸೀಟಿನ ಮೇಲೆ ಕೈಯಿಟ್ಟುಕೊಂಡೇ ನಿಲ್ಲುತ್ತಿದ್ದರು, ಅವನು ಮುಟ್ಟಿಬಿಟ್ಟಾನೆಂದು. ಒಂದು ಮಧ್ಯಾಹ್ನ ಅವನು ನಡುವಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ನೀನೊಂದು ಮಾತು ಹೇಳು. ಟೇಪು ಹಿಡಿದು ಅಳೆದು, ಸರಿಯಾಗಿದೆ ಅಂತ ಹೇಳು. ನಿನ್ನ ಮಾತು ಕೇಳ್ತಾರೆ.”

“ಹೇಳ್ತೀನಿ,” ಅಂದಳು.

ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಅವನು ಮತ್ತೆ ಕೇಳಿದಾಗ ಅವಳು ಯಂತ್ರ ನಿಲ್ಲಿಸದೆ ಅಂದಳು: “ಹೇಳೋಣ ಅಂದ್ಕೊಂಡೆ, ಮರೆತೇ ಹೋಯ್ತು.”

ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದು ಮದುವೆಯಲ್ಲೂ ಇಲ್ಲ. ತಮಾಷೆ ಮಾಡೋಣವೆಂದರೆ ನಗಲು ಬೆಂಚಿನಲ್ಲಿ ಯಾರೂ ಇರಲಿಲ್ಲ.

ಚಳಿಗಾಲದ ಹೊತ್ತಿಗೆ ಕಾಯಿಲೆ ಅವನಿಗೇ ತಗುಲಿತು. ಹದಿನೆಂಟನೇ ವಯಸ್ಸಿನಲ್ಲಿ ತನ್ನ ಕೈಯಾರೆ ತನಗೇ ಹಾಕಿಕೊಂಡ ಉಂಗುರ, ಊರಿನ ಮೊಟ್ಟಮೊದಲ ಉಂಗುರ, ಅದರ ಮೇಲೆ ಕೂತು ಬರುವಾಗ ಒಂದು ದಿನ ಎಡ ಮಂಡಿ ಚುರುಕ್ ಅಂದಿತಂತೆ. ಒಂದು ನೂಲು ಇಳಿಸಿದ. ಬಲ ಮಂಡಿ ಅಂದಿತು. ಎರಡು ನೂಲು ಎತ್ತಿದ. ನಡು ಅಂದಿತು. ಬೆಳಿಗ್ಗೆ ಎತ್ತುವುದು, ಮಧ್ಯಾಹ್ನ ಇಳಿಸುವುದು. ಬೋಲ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಪಕ್ಕದ ಬೀದಿಯ ಕಿರುಗುಟ್ಟುವಿಕೆ ಕೇಳಿ ಅಳತೆ ಹೇಳುತ್ತಿದ್ದವನಿಗೆ ತನ್ನ ಅಡಿಯಲ್ಲಿರುವ ಸೀಟು ಎತ್ತರವೋ ತಗ್ಗೋ ತಿಳಿಯದಾಯಿತು.

ಕೊನೆಗೆ ಸೈಕಲ್ಲನ್ನು ತಳ್ಳಿಕೊಂಡು ಹಿತ್ತಿಲಿಗೆ ಬಂದ. ಟೈಲರಮ್ಮ ಬಿಸಿಲಿನಲ್ಲಿ ಕೂತು ನಾದಿನಿಯ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದಳು.

“ಒಂದ್ಸಲ ನೋಡೇ. ನಿನ್ನ ಟೇಪಲ್ಲಿ.”

ಅವಳು ಎದ್ದಳು. ಅವನನ್ನು ಗೋಡೆಗೆ ನಿಲ್ಲಿಸಿ ಕಾಲು ಅಳೆದಳು. ಪೆಡಲು ತಳಕ್ಕೆ ತಂದು ಸೀಟು ಅಳೆದಳು. ಕೂರಿಸಿ, ಹಿಮ್ಮಡಿ ಇಡಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅಲುಗಲಿಲ್ಲ. ಎತ್ತಿ ಇಳಿಸಿ, ಎತ್ತಿ ಇಳಿಸಿ, ಆ ಬೆಳಿಗ್ಗೆ ಅವನು ತನಗೇ ತಿಳಿಯದೆ ಸರಿಯಾಗಿ ಹಳೆಯ ಉಂಗುರದ ಮೇಲೇ ತಂದು ನಿಲ್ಲಿಸಿದ್ದ. ನೂಲು ಹೆಚ್ಚಿಲ್ಲ, ನೂಲು ಕಮ್ಮಿ ಇಲ್ಲ.

“ಹೇಗಿದೆ?” ಅಂದ ಅವನು. ಮಕ್ಕಳು ಪರೀಕ್ಷೆಯ ಕಾಗದ ಕೇಳುವ ದನಿ.

ಟೈಲರಮ್ಮ ಟೇಪನ್ನು ನಿಧಾನವಾಗಿ ಸುತ್ತಿದಳು. ಹಿತ್ತಿಲ ಗೋಡೆಗೆ ಒರಗಿದ್ದ ತನ್ನ ಸೈಕಲ್ಲಿನ ಮೇಲೆ ಧೂಳು ಕೂತಿತ್ತು.

“ಒಂಚೂರು ಎತ್ತರ ಅನ್ಸುತ್ತಪ್ಪ,” ಅಂದಳು. “ಖಚಿತವಾಗಿ ಹೇಳೋಕೆ ನನಗೆ ಬರಲ್ಲ. ಒಗ್ಗುತ್ತೇನೋ ನೋಡಿ.”

ಅವನು ಜೇಬಿನಿಂದ ಸ್ಪ್ಯಾನರು ತೆಗೆದ. ಅವಳು ಕೂತು, ಗುಂಡಿಗೆ ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.